ಏಳು ಸಹಿ, ಏಳು ಆಟಗಾರ್ತಿಯರು

1991ರ ಏಪ್ರಿಲ್‌ನಲ್ಲಿ ವೇಲ್ಸ್‌ನಲ್ಲಿ ಮಹಿಳೆಯರ ಮೊದಲ ರಗ್ಬಿ ವಿಶ್ವಕಪ್ ನಡೆದಾಗ ಅಂತರರಾಷ್ಟ್ರೀಯ ಮಂಡಳಿಯ ಮಾನ್ಯತೆಯೇ ಇರಲಿಲ್ಲ. ಲಂಡನ್ನಿನ ರಿಚ್‌ಮಂಡ್ ಕ್ಲಬ್‌ನ ನಾಲ್ವರು ಹೆಂಗಸರು 12 ತಂಡಗಳನ್ನು ಕೂಡಿಸಿದರು. ಕೈಯಲ್ಲಿ ಕಾಸಿಲ್ಲದ ಸೋವಿಯತ್ ತಂಡ ಖರ್ಚಿಗೆಂದು ಮಾರಲು ವೋಡ್ಕಾ ಹೊತ್ತು ಬಂದಿತ್ತು! ಫೈನಲ್‌ನಲ್ಲಿ ಅಮೆರಿಕ 19–6ರಿಂದ ಇಂಗ್ಲೆಂಡನ್ನು ಸೋಲಿಸಿತು. ಆಟಕ್ಕಿಂತ ಮೊದಲು ಕಾಗದದ ಕೆಲಸ ಗೆದ್ದಿತ್ತು ಅನ್ನಿ.

ಕೊಡಗಿನಲ್ಲಿ ಹುಡುಗಿಯರ ರಗ್ಬಿ ಶುರುಮಾಡುವವರಿಗೂ ವಕೀಲರ ತಲೆ, ಕೋಚ್‌ನ ಕಣ್ಣು ಎರಡೂ ಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘಕ್ಕೆ ಕನಿಷ್ಠ 7 ಜನರ ಸಹಿ ಬೇಕು. ರಗ್ಬಿಯ ಚಿಕ್ಕ ರೂಪವಾದ ಸೆವೆನ್ಸ್ ಆಟಕ್ಕೂ ತಂಡಕ್ಕೆ ಏಳೇ ಜನ. ಆದರೆ 18 ತುಂಬದ ಆಟಗಾರ್ತಿಯರನ್ನು ಸಹಿದಾರರ ಪಟ್ಟಿಗೆ ಸೇರಿಸಬೇಡಿ. ಅವರ ಪರವಾಗಿ ಪೋಷಕರಿಂದ ಒಪ್ಪಿಗೆ ಪತ್ರ ಪಡೆಯಿರಿ. ‘ಗಾಯವಾದರೆ ನಾವು ಹೊಣೆಯಲ್ಲ’ ಎಂದು ಬರೆಸಿಕೊಂಡ ಮಾತ್ರಕ್ಕೆ ಕೋಚ್‌ನ ಅಜಾಗರೂಕತೆ ಮಾಫಿ ಆಗುವುದಿಲ್ಲ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಸಂಘದೊಳಗೇ ಪಂಚಾಯಿತಿ ಮಾಡಿ ಮುಗಿಸುವಂತಿಲ್ಲ.

ಮೈದಾನಕ್ಕೆ ಬಂದರೆ ಇಲ್ಲಿ ಹಾಕಿಯೇ ವರ, ಹಾಕಿಯೇ ತೊಡಕು. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಟೂರ್ನಿಯಲ್ಲಿ ಹೆಣ್ಣುಮಕ್ಕಳೂ ಕುಟುಂಬದ ತಂಡಕ್ಕೆ ಆಡುತ್ತಾರೆ, ಹಾಗಾಗಿ ‘ಹುಡುಗಿಗೇಕೆ ಆಟ’ ಎಂಬ ತಕರಾರು ಕಡಿಮೆ. ಸೊಂಟ ಬಗ್ಗಿಸಿ ಓಡುವುದೂ ರೂಢಿ. ಆದರೆ ಹಾಕಿಯಲ್ಲಿ ಕಣ್ಣು ನೆಲದ ಮೇಲಿರುತ್ತದೆ, ಪಾಸ್ ಮುಂದಕ್ಕೆ ಹೋಗುತ್ತದೆ. ರಗ್ಬಿಯಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಮೊದಲ ವಾರಗಳಲ್ಲಿ ಟ್ಯಾಕಲ್ (ಚೆಂಡು ಹಿಡಿದವಳನ್ನು ತಬ್ಬಿ ಕೆಡವುವುದು) ಬೇಡ: ನಾಲ್ವರು ಓರೆ ಸಾಲಿನಲ್ಲಿ ನಡೆಯುತ್ತಾ ಹಿಂದಕ್ಕೆ ಪಾಸ್ ಕೊಡಲಿ, ಆಮೇಲೆ ಓಟ.

ಟ್ಯಾಕಲನ್ನು ಇಬ್ಬರೂ ಮಂಡಿಯೂರಿ ಕಲಿಯಬೇಕು. ಕತ್ತು ನೆಟ್ಟಗೆ, ಕಣ್ಣು ಎದುರಾಳಿಯ ಚಡ್ಡಿಯ ಮೇಲೆ. ಭುಜ ತೊಡೆಗೆ ತಾಗಲಿ, ಕೆನ್ನೆ ಅವಳ ಪೃಷ್ಠಕ್ಕೆ ಒತ್ತಿರಲಿ, ಎರಡೂ ಕೈ ಸುತ್ತಿ ಬಿಗಿಯಲಿ. ತಲೆ ಅವಳ ಹಿಂಬದಿಗೇ ಇರಬೇಕು. ಮುಂದೆ ಹೋಯಿತೋ, ಬೀಳುವ ಮೈಭಾರವೆಲ್ಲ ಕತ್ತಿನ ಮೇಲೆ. ಕಣ್ಣು ಮುಚ್ಚುವವಳು ತಲೆ ತಗ್ಗಿಸುತ್ತಾಳೆ. ಅವಳನ್ನು ನಿಂತು ಆಡುವ ಹಂತಕ್ಕೆ ಬಿಡಬೇಡಿ. ತಲೆಗೆ ಪೆಟ್ಟು ಬಿದ್ದು ಮಂಕಾದವಳು ಆ ದಿನ ಮತ್ತೆ ಆಡುವಂತಿಲ್ಲ, ‘ಈಗ ಸರಿಯಾಗಿದೆ’ ಎಂದು ಅವಳೇ ಹೇಳಿದರೂ.

ನೆಲದ ಆಯ್ಕೆಯಲ್ಲೇ ಹೆಚ್ಚಿನವರು ಎಡವುವುದು. ಹಾಕಿ ಟರ್ಫ್ ಮೇಲೆ ಬಿದ್ದರೆ ಮೊಣಕೈ, ಮಂಡಿಯ ಚರ್ಮ ಕಿತ್ತುಬರುತ್ತದೆ. ಕೊಯ್ಲಾದ ಗದ್ದೆ ಮೆತ್ತಗೆ ಕಂಡರೂ ಒಣಗಿದ ಕೂಳೆ ಚುಚ್ಚುತ್ತದೆ, ಬದುವಿಗೆ ಕಾಲು ತಾಗಿದರೆ ಪಾದ ಹೊರಳುತ್ತದೆ. ಮಾರ್ಚ್ ಹೊತ್ತಿಗೆ ಶಾಲಾ ಮೈದಾನದ ಕೆಂಪು ಮಣ್ಣು ಕಲ್ಲಿನಂತೆ. ಆಗ ಪಾಸ್ ಮತ್ತು ಟಚ್ ರಗ್ಬಿ (ಕೆಡವದೆ ಕೈಯಿಂದ ಮುಟ್ಟುವ ಆಟ) ಮಾತ್ರ ಸಾಕು. ಟ್ಯಾಕಲಿಗೆ ಮಳೆ ನಿಂತ ಮೇಲಿನ, ಹುಲ್ಲು ಹಸಿರಿರುವ ವಾರಗಳೇ ಲೇಸು. ಜಿಗಣೆಗೆ ಸುಣ್ಣದ ಡಬ್ಬಿ ಇಟ್ಟುಕೊಳ್ಳಿ.