ಬೆಂಗೇರಿಯಿಂದ ಬೆಟದೂರಿಗೆ

2016ರ ಫೆಬ್ರುವರಿ 12ರಂದು ಹುಬ್ಬಳ್ಳಿಯ ನೆಹರೂ ಮೈದಾನದ ಮುಂದೆ ಯೋಧರೊಬ್ಬರ ಅಂತಿಮ ದರ್ಶನದ ಸಾಲಿನಲ್ಲಿ ನಾನೂ ನಿಂತಿದ್ದೆ. ಸಿಯಾಚಿನ್‌ನಲ್ಲಿ 19 ಸಾವಿರ ಅಡಿಗೂ ಮೇಲಿನ ಠಾಣೆಯ ಮೇಲೆ ಫೆಬ್ರುವರಿ 3ರಂದು ಹಿಮ ಕುಸಿದು, ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋಗಿದ್ದರು. ಆರು ದಿನದ ಮೇಲೆ ಉಸಿರಾಡುತ್ತಾ ಸಿಕ್ಕವರು ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರೇ. 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಸಾಲಿನಲ್ಲಿ ನಿಂತಾಗಲೇ ಒಮ್ಮೆ ಅವರೂರಿಗೆ ಹೋಗಿಬರಬೇಕು ಅಂದುಕೊಂಡೆ. ಕುಂದಗೋಳ ತಾಲ್ಲೂಕಿನ ಬೆಟದೂರು ನಮ್ಮ ಮನೆಯಿಂದ ಗಂಟೆ-ಒಂದೂವರೆ ಗಂಟೆಯ ದಾರಿ. ಹೋಗಲು ಮಾತ್ರ ವರ್ಷಗಳೇ ಹಿಡಿದವು.

ಕೊನೆಗೂ ಕಾರ್ಗಿಲ್ ವಿಜಯ ದಿವಸದ ನೆಪದಲ್ಲಿ ಹೊರಟೆವು. ನಮ್ಮ ಓಣಿಯ ನಿವೃತ್ತ ಸುಬೇದಾರ್ ಕಾಕಾ, ನಾನು, ನನ್ನ ಮಗ. ನೀವೂ ಹೋಗುವವರಾದರೆ ನಾವು ಮಾಡಿದ ತಪ್ಪು ಮಾಡಬೇಡಿ.

ಮೊದಲ ತಪ್ಪು ಮನೆಯ ಮುಂದೆಯೇ ಆಯಿತು. ಉತ್ಸಾಹಕ್ಕೆ ಕಾರಿನ ಬಾನೆಟ್ ಮೇಲೆ ತ್ರಿವರ್ಣ ಧ್ವಜ ಹರಡಿ ಕಟ್ಟಿದ್ದೆ. ಸಮಾಧಿಗೆ ಹೊದಿಸೋಣ ಎಂದು ಕೇಸರಿ-ಬಿಳಿ-ಹಸಿರಿನ ಶಾಲನ್ನೂ ತಂದಿದ್ದೆ, ನಟ್ಟನಡುವೆ ಚಕ್ರ ಬೇರೆ. ಕಾಕಾ ಕಾರು ಹತ್ತಲೇ ಇಲ್ಲ. "ಮೊದ್ಲ ತಗೀ ಅದನ್ನ. ಧ್ವಜ ಅಂದ್ರ ಹೊದ್ಕೊಳ್ಳೋ ಅರಿವಿ ಅಲ್ಲೋ ತಮ್ಮಾ. ಒಬ್ಬಾಂವ ಅದನ್ನ ಹೊದ್ಕೋಬೇಕಂದ್ರ ಏನಾಗಬೇಕು, ಗೊತ್ತೈತಿಲ್ಲೋ?" ಧ್ವಜ ಸಂಹಿತೆಯ ಪ್ರಕಾರ ವಾಹನದ ಬಾನೆಟ್ಟಿಗೆ ಧ್ವಜ ಹೊದಿಸುವಂತಿಲ್ಲ, ಕಾರಿನ ಮೇಲೆ ಹಾರಿಸುವ ಅಧಿಕಾರ ರಾಷ್ಟ್ರಪತಿ, ರಾಜ್ಯಪಾಲ, ಮಂತ್ರಿಗಳಂಥ ಕೆಲವರಿಗಷ್ಟೇ ಇದೆ. ಅಭಿಮಾನ ತೋರಿಸಲು ಹೋಗಿ ಅವಮಾನ ಮಾಡುವವರಲ್ಲಿ ನಾನೂ ಒಬ್ಬ ಎಂದು ಆ ಬೆಳಿಗ್ಗೆ ಗೊತ್ತಾಯಿತು. ಶಾಲು ಮನೆಯಲ್ಲೇ ಉಳಿಯಿತು. ಕೈಯಲ್ಲಿ ಒಂದು ಸೇವಂತಿಗೆ ಮಾಲೆ ಸಾಕು. ಪ್ಲಾಸ್ಟಿಕ್ ಹಾಳೆ ಸುತ್ತಿದ ಹೂಗುಚ್ಛ ಬೇಡ, ಮರುದಿನ ಅದನ್ನು ಎತ್ತುವವರು ಯಾರು?

ಧಾರವಾಡದಿಂದ ಶುರು ಮಾಡಿ. ಕಿತ್ತೂರು ಚೆನ್ನಮ್ಮ ಉದ್ಯಾನದಲ್ಲಿ, ನಮ್ಮ ಬಾಯಲ್ಲಿ ಕೆಸಿ ಪಾರ್ಕಿನಲ್ಲಿ, ಕಾರ್ಗಿಲ್ ಸ್ತೂಪ ಇದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬಂದು ಜುಬಿಲಿ ಸರ್ಕಲ್‌ನಲ್ಲಿ ಇಳಿದು ಆಟೊ ಹಿಡಿದರಾಯಿತು. ಜುಲೈ 26ರಂದು ಬೆಳಿಗ್ಗೆ ಬೇಗ ಹೋಗಿ, ಆಗ ಮಾಜಿ ಸೈನಿಕರು ಬಂದು ಹೂ ಇಡುತ್ತಾರೆ. 1999ರ ಆ ಯುದ್ಧದಲ್ಲಿ ನಾವು ಕಳೆದುಕೊಂಡದ್ದು 527 ಯೋಧರನ್ನು. ಭಾಷಣ ಮುಗಿದ ಮೇಲೆ ಹತ್ತು ನಿಮಿಷ ಅಲ್ಲೇ ನಿಲ್ಲಿ. ಜಿರಿಜಿರಿ ಮಳೆಯಲ್ಲಿ ಕೊಡೆ ಬಿಚ್ಚದೆ ನಿಂತಿದ್ದ ಹಳಬರೊಬ್ಬರಿಗೆ ನನ್ನ ಮಗ ಬಿಸಿ ಚಹಾ ತಂದುಕೊಟ್ಟ. ಅವರು ಅವನ ಶಾಲೆ, ಓದು, ಪೇಡೆ ತಿಂದನೋ ಇಲ್ಲವೋ, ಎಲ್ಲ ಕೇಳಿದರು. ಯುದ್ಧದ ಮಾತೇ ಎತ್ತಲಿಲ್ಲ. ಅವನೂ ಕೇಳಲಿಲ್ಲ, ಪುಣ್ಯ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ಹೊಲಿಯುವ ಘಟಕವನ್ನು ನಾವು ಹಿಂದಿನ ದಿನವೇ ನೋಡಿದ್ದೆವು, ನೀವೂ ಹಾಗೇ ಮಾಡಿ. ಆಗಸ್ಟ್ 15ಕ್ಕೆ ಮುಂಚಿನ ಈ ವಾರಗಳಲ್ಲಿ ಅಲ್ಲಿ ಕೈಗೆ ಬಿಡುವಿರುವುದಿಲ್ಲ, ಮೊದಲೇ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕು. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ್ದು ಈ ಘಟಕ. ಬಟ್ಟೆ ಬಾಗಲಕೋಟೆ ಕಡೆಯಿಂದ ಬರುತ್ತದೆ. ಹೊಲಿಗೆ, ಇಸ್ತ್ರಿ ಬಹುಪಾಲು ಹೆಣ್ಣುಮಕ್ಕಳದ್ದೇ. ಚಕ್ರ ಎರಡೂ ಮಗ್ಗುಲಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಬೇಕು, ಕೂದಲೆಳೆ ಸರಿದರೂ ಆ ಧ್ವಜ ನಡೆಯುವುದಿಲ್ಲ. ಟೇಬಲ್ಲಿನ ಮೇಲಿಡುವ ಅಂಗೈಯಗಲದ ಧ್ವಜದಿಂದ ಹಿಡಿದು 21 ಅಡಿಯದರವರೆಗೆ ಒಂಬತ್ತು ಅಳತೆಗಳಿವೆ. ಅವುಗಳಲ್ಲಿ 6 ಅಡಿಗೆ 4 ಅಡಿಯದು ಹುತಾತ್ಮರ ಮೇಲೆ ಹೊದಿಸುವ ಅಳತೆ. ನಾನು ಹುಡುಗನಾಗಿನಿಂದ ಬೆಂಗೇರಿ ದಾಟಿ ಓಡಾಡಿದವನು, ಆ ಅಳತೆಯ ಧ್ವಜವನ್ನು ಕೈಯಲ್ಲಿ ಮುಟ್ಟಿದ್ದು ಅಂದೇ. ದಪ್ಪ, ಒರಟು, ತೂಕದ ಬಟ್ಟೆ. ಒಬ್ಬಾಳಿನ ಉದ್ದ.

2021ರ ಕೊನೆಗೆ ಸಂಹಿತೆ ತಿದ್ದಿ ಪಾಲಿಯೆಸ್ಟರ್, ಯಂತ್ರದ ಬಟ್ಟೆಗೂ ಒಪ್ಪಿಗೆ ಕೊಟ್ಟ ಮೇಲೆ ಇವರ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಹಾಗಾಗಿ ಧ್ವಜ ಕೊಳ್ಳುವುದಿದ್ದರೆ ಇಲ್ಲಿಂದ ಕೊಳ್ಳಿ. ದುಬಾರಿ ನಿಜ, ಆದರೆ ಮಳೆಗಾಲ ಕಳೆಯುವಷ್ಟರಲ್ಲಿ ಚರಂಡಿ ಸೇರುವ ಮಾಲಲ್ಲ.

ಬೆಟದೂರಿಗೆ ಹೋಗುವಾಗ ಮೊಬೈಲ್ ನಕ್ಷೆಯನ್ನು ನಂಬಬೇಡಿ. ನಮ್ಮನ್ನು ಅದು ಹತ್ತಿರದ ದಾರಿ ಎಂದು ಹೊಲದ ಹಾದಿಗೆ ಇಳಿಸಿತು. ಜುಲೈ, ಎರಿ ಮಣ್ಣು, ಹೆಚ್ಚು ಹೇಳಬೇಕಿಲ್ಲ. ಗಾಲಿಗೆ ಮೆತ್ತಿದ ಮಣ್ಣನ್ನು ಕೋಲಿನಿಂದ ಕೆರೆದು, ಹತ್ತಿಯಲ್ಲಿ ಕಳೆ ತೆಗೆಯುತ್ತಿದ್ದ ಮೂವರು ಬಂದು ನೂಕಿದ ಮೇಲೆ ಕಾರು ಹೊರಬಂತು. ಎಲ್ಲಿಗೆ ಹೊರಟಿದ್ದೇವೆ ಎಂದಾಗ ಅವರು ದುಡ್ಡು ಮುಟ್ಟಲಿಲ್ಲ. ಹನುಮಂತಪ್ಪ ಹುಡುಗನಾಗಿದ್ದಾಗ ಅರಳಿಕಟ್ಟಿಯ ಹೈಸ್ಕೂಲಿಗೆ ದಿನಾ 6 ಕಿ.ಮೀ. ನಡೆಯುತ್ತಿದ್ದರು ಎಂದು ಆಗ ಪತ್ರಿಕೆಗಳಲ್ಲಿ ಓದಿದ್ದೆ. ಬೂಟಿಗೆ ಸೇರುಗಟ್ಟಲೆ ಮಣ್ಣು ಅಂಟಿದಾಗ ಆ ಆರು ಕಿಲೊಮೀಟರ್ ಬೇರೆಯೇ ಕಂಡಿತು. ಡಾಂಬರು ರಸ್ತೆ ಬಿಡಬೇಡಿ, ಕೇಳುತ್ತಾ ಹೋಗಿ. ಮಳೆ ಬೇಡವೆನ್ನುವವರು ಫೆಬ್ರುವರಿಗೆ ಹೋಗಬಹುದು, ಬಿಳಿಜೋಳ ಕೊಯ್ಲಿಗೆ ಬಂದಿರುತ್ತದೆ.

ಸಮಾಧಿ ಊರಲ್ಲೇ ಇದೆ, ಯಾರನ್ನು ಕೇಳಿದರೂ ತೋರಿಸುತ್ತಾರೆ. ಚಪ್ಪಲಿ ಬಿಟ್ಟು ಮಾಲೆ ಹಾಕಿದೆವು. ಕಾಕಾ ಸೆಲ್ಯೂಟ್ ಹೊಡೆದು ಕೈ ಇಳಿಸಲು ತುಸು ಹೆಚ್ಚೇ ಹೊತ್ತು ತೆಗೆದುಕೊಂಡರು. ನಾನು ಫೋಟೊ ತೆಗೆಯಲಿಲ್ಲ. ಮನೆಯವರನ್ನು ಕಂಡುಹೋಗೋಣವೇ ಎಂದದ್ದಕ್ಕೆ ಕಾಕಾ ಅಂದರು: "ಅವ್ರು ಕರದಾರೇನು? ಬ್ಯಾಡ. ಬಂದಾವ್ರಿಗೆಲ್ಲಾ ಮತ್ತ ಮತ್ತ ಅದನ್ನ ಹೇಳ್ಕೋತ ಕೂಡಬೇಕೇನು?" ನಿಮಗೂ ಅದೇ ಮಾತು.

ದುಡ್ಡಿನಿಂದ ನೆರವಾಗುವ ಮನಸ್ಸಿದ್ದರೆ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿ ಇದೆ, 1949ರಿಂದ ನಡೆದುಬಂದದ್ದು. ಕೆಂಪು, ಕಡುನೀಲಿ, ತಿಳಿನೀಲಿಯ ಪುಟ್ಟ ಧ್ವಜ ಕೊಡುತ್ತಾರಲ್ಲ, ಅದೇ. ಮಾಜಿ ಸೈನಿಕರು, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು, ಅಂಗ ಕಳೆದುಕೊಂಡವರಿಗೆ ಈ ಹಣ ಹೋಗುತ್ತದೆ. ಡಬ್ಬಿ ನಿಮ್ಮ ಬಾಗಿಲಿಗೆ ಬರಲೆಂದು ಕಾಯದೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ನೀವೇ ಹೋಗಿ ರಸೀದಿ ಪಡೆಯಿರಿ.

ಊಟ ಕಟ್ಟಿಕೊಂಡು ಹೋಗಿ. ನಾವು ಹಸಿದು ಕುಂದಗೋಳದಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದೆವು. ಬಿಲ್ಲು ಕಾಕಾನೇ ಕೊಟ್ಟರು. ನಾನು ಕೈ ಚಾಚಿದ್ದಕ್ಕೆ, "ಪೆನ್ಶನ್ ಬಂದೈತಿ, ಸುಮ್ಮನ ಕೂಡು" ಅಂದರು.