ಎಫ್ ಕಾರ್ಡ್‌ಗೆ ಬಗ್ಗದ ಗಿಟಾರ್

ಗಿಟಾರ್ ಹಿಡಿದು ನಾಲ್ಕೈದು ತಿಂಗಳಾದವರು ರಿಪೇರಿ ಮೇಜಿನ ಮುಂದೆ ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಅಕೌಸ್ಟಿಕ್ ಬಿಟ್ಟು ಎಲೆಕ್ಟ್ರಿಕ್ ತಗೊಂಡುಬಿಡಲೇ? ಜುಲೈನ ಒಂದು ಶನಿವಾರ ಮಧ್ಯಾಹ್ನ ಪಿಯುಸಿ ಓದುವ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದು ಕೇಳಿದ್ದೂ ಇದನ್ನೇ. ಸಿ, ಜಿ, ಡಿ ಕಾರ್ಡ್‌ಗಳು (ಕೆಲವು ಸ್ವರ ಒಟ್ಟಿಗೆ ನುಡಿಯುವ ಹಿಡಿತಗಳು) ಬರುತ್ತವೆ. ಎಫ್ ಹಿಡಿದರೆ ಮಾತ್ರ ಎರಡು ತಂತಿ ನಾದವೇ ಇಲ್ಲದೆ ಟಪ್ ಟಪ್ ಅನ್ನುತ್ತವೆ. ಮೊದಲು ಅಕೌಸ್ಟಿಕ್‌ನಲ್ಲಿ ಬೆರಳು ಗಟ್ಟಿಯಾಗಲಿ, ಆಮೇಲೆ ಎಲೆಕ್ಟ್ರಿಕ್ ಎಂದು ಯಾರೋ ಹೇಳಿದ್ದರಂತೆ. ಈ ಸಲಹೆಯನ್ನು ನಂಬಿ ಗಿಟಾರನ್ನು ಮಂಚದ ಕೆಳಗೆ ತಳ್ಳಿದವರು ಬೇಕಾದಷ್ಟಿದ್ದಾರೆ.

ಬೆರಳನ್ನು ದೂರುವ ಮೊದಲು ಅಳತೆಪಟ್ಟಿ ಹೊರಬರಬೇಕು. ಆರನೇ, ಅಂದರೆ ಅತಿ ದಪ್ಪನೆಯ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿಗೆ, ಅಂದರೆ ನೆಕ್‌ಗೆ ಅಡ್ಡ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್) ಒಂದು ಕೈಯಿಂದ, ನೆಕ್ ದೇಹಕ್ಕೆ ಕೂಡುವ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿದರೆ, ನಡುವೆ ಏಳನೇ ಫ್ರೆಟ್ ಬಳಿ ಸುಮಾರು 0.2 ಮಿ.ಮೀ. ಸಂದು ಕಾಣಬೇಕು. ಅಲ್ಲಿ ತೊಂದರೆಯಿರಲಿಲ್ಲ, ಆದ್ದರಿಂದ ನೆಕ್ ಒಳಗಿನ ಲೋಹದ ಸರಳಾದ ಟ್ರಸ್ ರಾಡ್ ಮುಟ್ಟುವ ಅಗತ್ಯವೂ ಇರಲಿಲ್ಲ. (ತಂತಿ ಎತ್ತರವಾಗಿದೆ ಎಂದು ಕಂಡಕೂಡಲೇ ಅಲೆನ್ ಕೀ ಹಾಕಿ ಟ್ರಸ್ ರಾಡ್ ತಿರುಗಿಸುವವರಿಂದ ಗಿಟಾರನ್ನು ದೂರವಿಡಿ. ಅದು ನೆಕ್‌ನ ಬಾಗನ್ನು ಸರಿಪಡಿಸಲು ಇರುವುದು, ತಂತಿ ಇಳಿಸಲು ಅಲ್ಲ.) ಹನ್ನೆರಡನೇ ಫ್ರೆಟ್ ಮೇಲೆ ಆರನೇ ತಂತಿಯ ಎತ್ತರ 3.6 ಮಿ.ಮೀ. ಇತ್ತು. ಸ್ಟೀಲ್ ತಂತಿಯ ಅಕೌಸ್ಟಿಕ್‌ನಲ್ಲಿ ಅದು 2.4ರ ಆಸುಪಾಸು, ಒಂದನೇ ತಂತಿ 1.8ರ ಆಸುಪಾಸು ಇದ್ದರೆ ಸರಿ. ಮಳೆಗಾಲದ ತೇವವೂ ಇದರಲ್ಲಿ ಪಾಲು ಪಡೆದಿರುತ್ತದೆ. ಗಿಟಾರಿನ ಮರಕ್ಕೆ ಹಿತವಾದ ಆರ್ದ್ರತೆ ಶೇ. 45ರಿಂದ 55. ಅದು ಮೀರಿದಾಗ ಮೇಲ್ಹಲಗೆ ಉಬ್ಬಿ, ತಂತಿಗಳನ್ನು ಅದಕ್ಕೆ ಬಿಗಿದಿಡುವ ಬ್ರಿಡ್ಜನ್ನೇ ಎತ್ತುತ್ತದೆ. ಕರಾವಳಿ, ಮಲೆನಾಡಿನವರಿಗೆ ಇದು ಪ್ರತಿವರ್ಷದ ಕಥೆ.

ಆದರೆ ಎಫ್ ಕಾರ್ಡನ್ನು ಕೊಂದದ್ದು ನಟ್, ನೆಕ್‌ನ ತಲೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ. ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಮೊದಲ ಫ್ರೆಟ್ ಮೇಲೆ ನೋಡಿದರೆ ಒಂದು ಕಾಗದದ ಹಾಳೆ ತೂರುವಷ್ಟೇ ಜಾಗ ಇರಬೇಕು. ಇದರಲ್ಲಿ ಅರ್ಧ ಮಿಲಿಮೀಟರ್ ಇತ್ತು. ಎಫ್‌ನ ಬಾರೆ (ಒಂದೇ ಬೆರಳು ಎಲ್ಲ ತಂತಿಗಳನ್ನೂ ಅಡ್ಡಲಾಗಿ ಒತ್ತುವುದು) ಬೀಳುವುದು ಸರಿಯಾಗಿ ಮೊದಲ ಫ್ರೆಟ್ ಮೇಲೆ, ನಟ್‌ನ ಮಗ್ಗುಲಲ್ಲಿ. ಎತ್ತರದ ಪೆಟ್ಟು ಮೊದಲು ತಿನ್ನುವುದೇ ಅದು. ಮನೆಯಲ್ಲೇ ಪರೀಕ್ಷಿಸಬಹುದು: ಅದೇ ಹಿಡಿತವನ್ನು ಐದನೇ ಫ್ರೆಟ್‌ಗೆ ಒಯ್ಯಿರಿ, ಎ ಕಾರ್ಡ್ ಆಗುತ್ತದೆ. ಅಲ್ಲಿ ಆರೂ ತಂತಿ ನುಡಿದು ಮೊದಲ ಫ್ರೆಟ್‌ನಲ್ಲಿ ಸತ್ತರೆ, ಬೆರಳಿಗಿಂತ ಮೊದಲು ನಟ್ ಮೇಲೆ ಅನುಮಾನಪಡಿ. ಹುಡುಗಿ ಐದನೇ ಫ್ರೆಟ್‌ನಲ್ಲಿ ಹಿಡಿದು ಮೀಟಿದಳು. ಆರೂ ತಂತಿ ನುಡಿದವು.

ನಟ್‌ನಲ್ಲಿ ತಂತಿ ಕೂರುವ ತೋಡುಗಳನ್ನು ಆಯಾ ತಂತಿಯ ದಪ್ಪದ ಅರದಿಂದ, ತಲೆಯ ಕಡೆಗೆ ಇಳಿಜಾರಾಗಿ ತೀಡಬೇಕು. ಎರಡು ಉಜ್ಜು, ತಂತಿ ಕೂರಿಸು, ನೋಡು, ಮತ್ತೆ ಎರಡು ಉಜ್ಜು. ಒಂದು ಉಜ್ಜು ಹೆಚ್ಚಾದರೂ ಖಾಲಿ ತಂತಿ ಝುಂಯ್ ಎನ್ನತೊಡಗುತ್ತದೆ. ಅರ್ಧ ಗಂಟೆಯಲ್ಲಿ 0.4 ಮಿ.ಮೀ. ಇಳಿಯಿತು. ಅದರಿಂದಲೇ ಹನ್ನೆರಡನೇ ಫ್ರೆಟ್‌ನಲ್ಲಿ 0.2 ಕಡಿಮೆಯಾಗಿ 3.4ಕ್ಕೆ ಬಂತು. ಇನ್ನೊಂದು ಮಿಲಿಮೀಟರ್ ಇಳಿಸಲು, ಬ್ರಿಡ್ಜ್ ಮೇಲೆ ತಂತಿಗಳು ಆನಿಕೊಳ್ಳುವ ಪಟ್ಟಿಯಾದ ಸ್ಯಾಡಲ್‌ನ ತಳದಿಂದ ಎರಡು ಮಿಲಿಮೀಟರ್ ತೆಗೆಯಬೇಕು, ಯಾವಾಗಲೂ ದುಪ್ಪಟ್ಟು. ಗಾಜಿನ ಮೇಲೆ ಮರಳುಕಾಗದ ಅಂಟಿಸಿ, ಸ್ಯಾಡಲನ್ನು ನೆಟ್ಟಗೆ ಹಿಡಿದು ಉಜ್ಜುವುದು. ತಳ ಓರೆಯಾದರೆ ಧ್ವನಿ ಸೊರಗುತ್ತದೆ. 12-53ರ ತಂತಿ (ಅತಿ ತೆಳು ಮತ್ತು ಅತಿ ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಬಿಚ್ಚಿ ತೆಳುವಾದ 10-47 ಹಾಕಿದ್ದಾಯಿತು.

ತಂತಿ ಕಟ್ಟುವ ಹೊತ್ತಿನಲ್ಲಿ ಅವಳ ಕೈಗೆ ಅಲ್ಲೇ ಇದ್ದ ಎಲೆಕ್ಟ್ರಿಕ್ ಬಂತು. 9-42ರ ತಂತಿ, ಎತ್ತರ 1.6 ಮಿ.ಮೀ. 12-53ರ ಆರು ತಂತಿಗಳ ಒಟ್ಟು ಎಳೆತ 70 ಕಿಲೋ ದಾಟುತ್ತದೆ, ಇದರದ್ದು 40 ಕಿಲೋ ಆಸುಪಾಸು. ಎಫ್ ಮೊದಲ ಸಲಕ್ಕೇ ನುಡಿಯಿತು. ಇನ್ನೂ ದೊಡ್ಡ ವ್ಯತ್ಯಾಸ ಮೂರನೇ ತಂತಿಯಲ್ಲಿದೆ. ಅಕೌಸ್ಟಿಕ್‌ನಲ್ಲಿ ಅದಕ್ಕೆ ಸಾಮಾನ್ಯವಾಗಿ ಸಣ್ಣ ಲೋಹದ ಎಳೆಯ ಸುತ್ತು ಇರುತ್ತದೆ, ಎಲೆಕ್ಟ್ರಿಕ್‌ನಲ್ಲಿ ಬರೀ ಎಳೆ. ಆದ್ದರಿಂದಲೇ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಇಲ್ಲಿ ಸಲೀಸು. ಆರ್. ಪ್ರಸನ್ನ ಕರ್ನಾಟಕ ಸಂಗೀತದ ಗಮಕಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

'ಕರೆಂಟ್ ಹೋದರೆ?' ಎಂದರು ಅಪ್ಪ. ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಇಲ್ಲದೆಯೂ ನುಡಿಸುವವರ ಕಿವಿಗೆ ಸಣ್ಣಗೆ ಕೇಳುತ್ತದೆ, ಅಭ್ಯಾಸಕ್ಕೆ ಧಾರಾಳ ಸಾಕು, ಪಕ್ಕದ ಮನೆಯವರಿಗೂ ಸಂತೋಷ. ನಿಜವಾದ ಕಿರಿಕಿರಿ ಕರೆಂಟ್ ಇದ್ದಾಗಿನದು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಒಂದೇ ಸುರುಳಿಯದ್ದಾದರೆ (ಸಿಂಗಲ್ ಕಾಯಿಲ್) ಮನೆಯ ಕರೆಂಟಿನ 50 ಹರ್ಟ್ಜ್‌ನ ಗುಂಯ್‌ಗಾನವನ್ನೂ ಹಿಡಿಯುತ್ತದೆ, ಹಳೆ ಮನೆಯ ಅರ್ತ್ ಇಲ್ಲದ ಸಾಕೆಟ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದರೆ ಇನ್ನೂ ಜೋರು. ಮೂರು ಪಿನ್ನಿನ ಸರಿಯಾದ ಅರ್ತ್ ಇರುವ ಸಾಕೆಟ್ ಬೇಕು, ಎರಡು ಸುರುಳಿಯಿಂದ ಆ ಗುಂಯ್‌ಗಾನವನ್ನು ಅಡಗಿಸುವ ಹಂಬಕರ್ ಪಿಕಪ್ ಇದ್ದರೆ ಒಳ್ಳೆಯದು. ಖರ್ಚು ಲೆಕ್ಕ ಹಾಕುವಾಗ 10 ವ್ಯಾಟ್‌ನ ಆಂಪ್, ಕೇಬಲ್, ಹೆಡ್‌ಫೋನ್ ಸೇರಿಸಿಯೇ ನೋಡಬೇಕು. ಮೇಲೆ ಕೆಳಗೆ ಆಡುವ ಫ್ಲಾಯ್ಡ್ ರೋಸ್ ಬ್ರಿಡ್ಜ್ ಕಲಿಯುವವರಿಗೆ ಬೇಡವೇ ಬೇಡ: ಒಂದು ತಂತಿ ತುಂಡಾದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಮತ್ತೊಂದು, ಎಲೆಕ್ಟ್ರಿಕ್‌ನಲ್ಲಿ ನುಡಿಸದ ತಂತಿಯನ್ನು ಅಂಗೈ ಅಂಚಿನಿಂದ ಸುಮ್ಮನಿರಿಸುವುದೂ ಒಂದು ವಿದ್ಯೆ. ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದ ಮೇಲೆ ಚೂರು ಅಲುಗಿದ ತಂತಿಯೂ ಕಿರುಚುತ್ತದೆ.

ಅಂಗಡಿಯವರು 'ಸೆಮಿ' ಎಂದು ತೋರಿಸುವುದು ಹೆಚ್ಚಾಗಿ ಪಿಕಪ್ ಕೂರಿಸಿದ ಅಕೌಸ್ಟಿಕ್ಕೇ. ತಂತಿ ಅದೇ, ಎಳೆತ ಅದೇ, ಬೆರಳಿಗೆ ಯಾವ ರಿಯಾಯಿತಿಯೂ ಇಲ್ಲ. ಬೆರಳು ನೋಯುತ್ತದೆಂದು ಅದನ್ನು ಕೊಂಡರೆ ದುಡ್ಡು ದಂಡ. ನೈಲಾನ್ ತಂತಿಯ ಕ್ಲಾಸಿಕಲ್ ಬೆರಳಿಗೆ ಮೆದುವೇ, ಆದರೆ ನೆಕ್ ಅಗಲ, ನಟ್ ಬಳಿ ಸುಮಾರು 52 ಮಿ.ಮೀ. ಅದಕ್ಕೆ ಸ್ಟೀಲ್ ತಂತಿ ಬಿಗಿದರೆ ಬ್ರಿಡ್ಜ್ ಕಿತ್ತು ಬರುತ್ತದೆ.

ತಯಾರಾದ ಅಕೌಸ್ಟಿಕ್‌ನಲ್ಲಿ ಆ ಸಂಜೆ ಎಫ್ ನುಡಿಯಿತು, ಎಲೆಕ್ಟ್ರಿಕ್‌ನಷ್ಟು ಸುಲಭವಾಗಿ ಅಲ್ಲದಿದ್ದರೂ. ನಿನಗೆ ಏನು ನುಡಿಸಬೇಕು ಎಂದು ಕೇಳಿದಾಗ ಹುಡುಗಿ ಭಾವಗೀತೆ ಹಾಡುತ್ತಾ ಜೊತೆಗೆ ಮೀಟಬೇಕು ಅಂದಳು. ಹಾಡಿಗೆ ಜೊತೆ ಕೊಡಲು ಮರದ ಪೆಟ್ಟಿಗೆಯಷ್ಟು ಅನುಕೂಲ ಬೇರೆ ಇಲ್ಲ, ಎಲೆಕ್ಟ್ರಿಕ್ ಸದ್ಯಕ್ಕೆ ಬೇಡ ಎಂದಾಯಿತು. ಬಿಡಿ ಸ್ವರಗಳ ಲೀಡ್ ನುಡಿಸಬೇಕು ಅಂದಿದ್ದರೆ ಉತ್ತರ ಬೇರೆಯೇ ಇರುತ್ತಿತ್ತು. ಹೋಗುವಾಗ ಹಳೆಯ ಸ್ಯಾಡಲ್ ಬಿಸಾಡಬೇಡಿ, ಚಳಿಗಾಲದ ಒಣಹವೆಗೆ ಮೇಲ್ಹಲಗೆ ಇಳಿದು ತಂತಿ ಫ್ರೆಟ್‌ಗೆ ತಾಗಬಹುದು, ಆಗ ಎತ್ತರದ್ದೊಂದು ಬೇಕಾಗುತ್ತದೆ ಎಂದು ಹೇಳಿದರೆ, ಅದನ್ನು ಆಗಲೇ ಎರಡು ಮಿಲಿಮೀಟರ್ ಉಜ್ಜಿದ್ದೀರಲ್ಲ ಎಂದು ಅಪ್ಪ ನಕ್ಕರು. ಸರಿಯೇ. ಉಜ್ಜದ ಇನ್ನೊಂದು ಸ್ಯಾಡಲ್ ಚೀಲಕ್ಕೆ ಹಾಕಿ ಕೊಟ್ಟದ್ದಾಯಿತು.