ದೊಡ್ಡಮ್ಮನ ನಿಮಿಷಗಳು

ಮೆಲ್ಬರ್ನ್‌ನಲ್ಲಿ ನಾನು ಕೆಲಸ ಮಾಡುವ ವೃದ್ಧರ ವಸತಿಯಲ್ಲಿ ಒಬ್ಬ ಅಜ್ಜ ಇದ್ದಾರೆ. ಗಿಪ್ಸ್‌ಲ್ಯಾಂಡ್ ಕಡೆ ಹಸು ಸಾಕಿ ಬದುಕಿದವರು. ಮೊನ್ನೆ ಅವರಿಗೆ ಸ್ನಾನ ಮಾಡಿಸಿ, ಹಿಮ್ಮಡಿಗೆ ಮುಲಾಮು ಹಚ್ಚಿ, ಕಾಲುಚೀಲ ತೊಡಿಸಿ ಹೊರಡುತ್ತಿದ್ದೆ. ‘ನನ್ನ ಪಾಲಿನ ನಿಮಿಷ ಇನ್ನೂ ಉಳಿದಿದ್ದರೆ ಕುಳಿತು ಹೋಗು. ಏನೂ ಮಾಡಬೇಡ, ಸುಮ್ಮನೆ ಕುಳಿತುಕೋ’ ಎಂದರು.

ನಿಮಿಷದ ಲೆಕ್ಕ ಇಲ್ಲಿ ಸರ್ಕಾರದ್ದೇ. ವೃದ್ಧರ ವಸತಿಗಳ ಸ್ಥಿತಿಗತಿಯನ್ನು ರಾಯಲ್ ಕಮಿಷನ್ ಎಂಬ ಉನ್ನತ ವಿಚಾರಣಾ ಆಯೋಗ 2018ರಿಂದ ವಿಚಾರಿಸಿ 2021ರಲ್ಲಿ ಅಂತಿಮ ವರದಿ ಕೊಟ್ಟಿತು. ಹೊಟ್ಟೆತುಂಬ ಊಟವಿಲ್ಲದವರು, ಹಾಸಿಗೆ ಹುಣ್ಣಿನಲ್ಲಿ ನರಳಿದವರು, ಔಷಧಿ ಕೊಟ್ಟು ಮಂಕಾಗಿಸಿ ಕೂರಿಸಿದವರು, ಎಲ್ಲರ ಕಥೆಯೂ ಹೊರಬಂತು. ಆ ನಾಚಿಕೆಯಿಂದ ನಿಯಮಗಳು ಹುಟ್ಟಿದವು. 2024ರ ಅಕ್ಟೋಬರ್‌ನಿಂದ ಒಬ್ಬೊಬ್ಬರಿಗೆ ದಿನಕ್ಕೆ ಸರಾಸರಿ 215 ನಿಮಿಷಗಳ ಆರೈಕೆ ಸಿಗಬೇಕು, ಅದರಲ್ಲಿ 44 ನಿಮಿಷ ನೋಂದಾಯಿತ ನರ್ಸ್‌ನದ್ದಾಗಿರಬೇಕು.

ಕುಳಿತೆ. ನಿಮ್ಮ ಮನೆಯಲ್ಲಿ ಹಸು ಇದ್ದವೇ ಎಂದು ಕೇಳಿದರು. ಒಂದು ಇತ್ತು, ಆದರೆ ಶಿಡ್ಲಘಟ್ಟದ ಸೀಮೆಯವರಾದ ನಮಗೆ ರೇಷ್ಮೆ ಹುಳುವೇ ಜೀವನ ಎಂದೆ. ನಾಲ್ಕನೇ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತ, ಮುಗಿಸಿ ಎದ್ದ ಹುಳು ಮಳೆ ಹುಯ್ದಂತೆ ಸದ್ದು ಮಾಡುತ್ತ ಸೊಪ್ಪು ತಿನ್ನುವುದನ್ನು ವಿವರಿಸಿದೆ. ರಾತ್ರಿಯೂ ಮೇವು ಹಾಕಬೇಕು ಎಂದಾಗ ಅವರ ಕಣ್ಣು ಅರಳಿತು. ಹಸು ಈಯುವ ಕಾಲದಲ್ಲಿ ನಿದ್ದೆಗೆಟ್ಟವರಲ್ಲವೇ! ‘ಸರಿ, ರಾತ್ರಿ ಏಳುತ್ತಿದ್ದವರು ಯಾರು?’ ಎಂದರು.

ದೊಡ್ಡಮ್ಮ. ಇನ್ನಾರು?

ಸೊಂಟದ ಮೂಳೆ ಮುರಿದು ಅಜ್ಜಿ ಹಾಸಿಗೆ ಹಿಡಿದಿದ್ದು ನಡುಮನೆಯಲ್ಲಿ, ಹುಳುಮನೆಯ ಬಾಗಿಲಿನ ಪಕ್ಕ. ಸೊಪ್ಪು ಹಾಕಲು ಎದ್ದಾಗಲೆಲ್ಲ ದೊಡ್ಡಮ್ಮ ಅಜ್ಜಿಯ ಬೆನ್ನ ಕೆಳಗೆ ಕೈ ತೂರಿಸಿ, ಮಗ್ಗುಲು ಬದಲಿಸಿ, ಮಂಡಿಗಳ ನಡುವೆ ಹಳೆಯ ಸೀರೆಯ ಮಡಿಕೆ ಇಡುತ್ತಿದ್ದರು. ಆಮೇಲೆ ಕೈ ತೊಳೆದು ಒಳಗೆ ಹೋಗುತ್ತಿದ್ದರು. ಹುಳುವಿಗೆ ಕೊಳೆ ತಾಗಬಾರದಲ್ಲ. ಮುದ್ದೆಯನ್ನು ಸಾರಿನಲ್ಲಿ ಕಿವುಚಿ, ಗಂಟಿಲ್ಲದಂತೆ ಮಾಡಿ ಉಣಿಸುತ್ತಿದ್ದರು. ಅಜ್ಜಿ ಮಲಗಿದಷ್ಟು ಕಾಲವೂ ಮೈಯಲ್ಲಿ ಒಂದು ಹುಣ್ಣಾಗಲಿಲ್ಲ. ಇಲ್ಲಿ ಸರ್ಟಿಫಿಕೇಟ್ ಕೋರ್ಸಿನಲ್ಲಿ ಮಗ್ಗುಲು ಬದಲಿಸುವ ಪಾಠ ಹೇಳಿಕೊಟ್ಟಾಗ, ಮಂಡಿಗಳ ನಡುವೆ ದಿಂಬಿಡುವುದನ್ನು ನೋಡಿ ನನಗೆ ಗಂಟಲು ಕಟ್ಟಿತ್ತು.

ನಮ್ಮ ಕಡೆ ಹೆಮ್ಮೆಯಿಂದ ಹೇಳುವ ಮಾತೊಂದಿದೆ: ಹಿರಿಯರನ್ನು ನಾವು ಆಶ್ರಮಕ್ಕೆ ಹಾಕುವುದಿಲ್ಲ, ಮನೆಯಲ್ಲೇ ನೋಡಿಕೊಳ್ಳುತ್ತೇವೆ. ನನಗೂ ಆ ಹೆಮ್ಮೆ ಇದೆ. ಆದರೆ ‘ನಾವು’ ಎಂದರೆ ಆ ಮನೆಯ ಒಬ್ಬ ಸೊಸೆ. ಗಂಡಸರು ಗೂಡಿನ ಮಾರುಕಟ್ಟೆಯಿಂದ ಬಂದು, ‘ಅಮ್ಮ ಊಟ ಮಾಡಿದಳಾ?’ ಎಂದು ಕೇಳಿದರೆ ಅದೇ ಆರೈಕೆ. ನಮ್ಮಲ್ಲೂ ಹಿರಿಯರ ಪೋಷಣೆಗೆ 2007ರ ಕಾಯ್ದೆ ಇದೆ. ನೋಡಿಕೊಳ್ಳದ ಮಕ್ಕಳ ಮೇಲೆ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಒಳ್ಳೆಯದೇ. ಆದರೆ ರಾತ್ರಿ ಎದ್ದು ಮಗ್ಗುಲು ಬದಲಿಸುವ ಕೈ ಯಾರದು, ಅದಕ್ಕೆ ಯಾವಾಗ ಬಿಡುವು ಎಂಬುದನ್ನು ಯಾರೂ ಕೇಳಿಲ್ಲ. ಇಲ್ಲಿ ಅದೇ ಕೆಲಸಕ್ಕೆ ನನಗೆ ಸಂಬಳವಿದೆ, ರಜೆಯಿದೆ, ನನ್ನ ಬೆನ್ನು ಕಾಯಲು ಹಿರಿಯರನ್ನು ಎತ್ತುವ ಯಂತ್ರವಿದೆ.

ಈಗ ದೊಡ್ಡಮ್ಮನಿಗೇ ಬೆನ್ನು ಬಾಗಿದೆ. ದೊಡ್ಡಪ್ಪ ತೀರಿಕೊಂಡರು, ಹುಳುಮನೆಯಲ್ಲಿ ಹುಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳು ಖಾಲಿಯಾಗಿ ಗೋಡೆಗೆ ಒರಗಿವೆ. ಅಣ್ಣ ಬೆಂಗಳೂರಿನಲ್ಲಿ, ನಾನು ಇಲ್ಲಿ. ದಿನಾ ಬೆಳಗ್ಗೆ ಒಬ್ಬರನ್ನು ಗೊತ್ತು ಮಾಡೋಣ, ಸಂಬಳ ನಾವಿಬ್ಬರೂ ಹಂಚಿಕೊಳ್ಳೋಣ ಎಂದು ಫೋನಿನಲ್ಲಿ ಹೇಳಿದಾಗ ದೊಡ್ಡಮ್ಮ ಸಿಡುಕಿದರು: ‘ದುಡ್ಡು ಕೊಟ್ಟು ಮೈ ತೊಳೆಸಿಕೊಳ್ಳುವ ಗತಿ ನನಗೇನು ಬಂದಿದೆ?’

‘ನಾನು ಇಲ್ಲಿ ದುಡ್ಡು ತೆಗೆದುಕೊಂಡೇ ತೊಳೆಯುತ್ತೇನೆ ದೊಡ್ಡಮ್ಮ. ನೀವು ಕಲಿಸಿದ ಹಾಗೆಯೇ ತೊಳೆಯುತ್ತೇನೆ’ ಎಂದೆ.

ಬಹಳ ಹೊತ್ತು ಮಾತಿಲ್ಲ. ಆಮೇಲೆ ಒಪ್ಪಿದರು, ಒಂದು ಷರತ್ತಿನೊಡನೆ. ಬರುವ ಹೆಂಗಸು ಮೊದಲು ತಮ್ಮ ಜೊತೆ ಕುಳಿತು ತಿಂಡಿ ತಿನ್ನಬೇಕು, ಕೆಲಸ ಏನಿದ್ದರೂ ಆಮೇಲೆ. ಪಕ್ಕದ ಬೀದಿಯಲ್ಲಿ ಒಬ್ಬರನ್ನು ಅಣ್ಣ ವಿಚಾರಿಸಿದ್ದಾನೆ, ಸೋಮವಾರದಿಂದ ಬರುತ್ತಾರಂತೆ.